ಮಾಡೆಲ್ ರೈಲಿಗೆ ವೈರ್ ಇಲ್ಲದ ರಿಮೋಟ್: ವೈಫೈನಾ, ಬ್ಲೂಟೂತಾ, ರೇಡಿಯೋನಾ?

ಕಬ್ಬಿನಗಾಡಿ (ಮಂಡ್ಯ):

ಎಲ್ಲರಿಗೂ ನಮಸ್ಕಾರ. ಮಹಡಿ ರೂಮಿನಲ್ಲಿ ನನ್ನದೊಂದು ಎಚ್‌ಒ (ಅಸಲಿಗಿಂತ 87 ಪಟ್ಟು ಚಿಕ್ಕ) ಮಾಡೆಲ್ ರೈಲಿನ ಲೇಔಟ್ ಇದೆ. ಎಂಟಡಿ ನಾಲ್ಕಡಿ ಪ್ಲೈವುಡ್, ಅದಕ್ಕೆ ಎಲ್ ಆಕಾರದಲ್ಲಿ ಇನ್ನೊಂದು ಹಲಗೆ ಸೇರಿಸಿದ್ದೇನೆ. ಈ ತುದಿಯಲ್ಲಿ ಸ್ಟೇಷನ್, ಆ ತುದಿಯಲ್ಲಿ ಸಕ್ಕರೆ ಕಾರ್ಖಾನೆ ಸೈಡಿಂಗ್. ಮಂಡ್ಯದವನು ಅಂದ ಮೇಲೆ ಅದಿಲ್ಲದೆ ಹೇಗೆ!

ತೊಂದರೆ ಏನಪ್ಪಾ ಅಂದ್ರೆ, ನನ್ನ ಹತ್ತಿರ ಇರುವುದು ಹಳೇ 12 ವೋಲ್ಟ್ ಡಿಸಿ ಕಂಟ್ರೋಲರ್. ಅದು ಸ್ಟೇಷನ್ ಮೂಲೆಯಲ್ಲಿ ಸ್ಕ್ರೂ ಹಾಕಿ ಕೂತಿದೆ. ಫ್ಯಾಕ್ಟರಿ ಕಡೆ ವ್ಯಾಗನ್ ಬಿಡುವಾಗ ಕಪ್ಲಿಂಗ್ ಕಾಣುವುದೇ ಇಲ್ಲ. ಮಗ ಆ ಕಡೆ ನಿಂತು "ಅಪ್ಪಾ ಬಾ, ಬಾ, ನಿಲ್ಸು!" ಅಂತ ಕೂಗ್ತಾನೆ. ಅವನು ನಿಲ್ಸು ಅನ್ನುವಷ್ಟರಲ್ಲಿ ಇಂಜಿನ್ ಬಫರ್‌ಗೆ ಗುದ್ದಿರುತ್ತೆ.

ಕೈಯಲ್ಲಿ ರಿಮೋಟ್ ಹಿಡಿದು ರೈಲಿನ ಜೊತೆ ನಡೆಯಬೇಕು ಅನ್ನೋದು ಆಸೆ. ಮೂರು ಇಂಜಿನ್ ಇವೆ. ಎರಡಕ್ಕೆ ಡಿಕೋಡರ್ (ಅಪ್ಪಣೆ ಓದಿ ಮೋಟಾರ್ ಓಡಿಸುವ ಸಣ್ಣ ಬೋರ್ಡ್) ಕೂರಿಸುವ 8 ಪಿನ್ ಸಾಕೆಟ್ ಇದೆ, ಇನ್ನೊಂದು ಸೆಕೆಂಡ್ ಹ್ಯಾಂಡ್, ತುಂಬಾ ಹಳೆಯದು, ಸಾಕೆಟ್ ಇಲ್ಲ. ಎಲ್ಲಾ ಸೇರಿ 15 ಸಾವಿರ ಖರ್ಚು ಮಾಡಬಹುದು. ಸೋಲ್ಡರಿಂಗ್ ಬರುತ್ತೆ, ಪ್ರೋಗ್ರಾಮಿಂಗ್ ಬರಲ್ಲ. ಡಿಸೆಂಬರ್‌ನಲ್ಲಿ ನಮ್ಮ ಭಾವ ಅಮೆರಿಕದಿಂದ ಬರ್ತಾರೆ, ಬೇಕಿದ್ದರೆ ಅಲ್ಲಿಂದ ಒಂದು ಹ್ಯಾಂಡ್‌ಸೆಟ್ ತರಿಸಬಹುದು. ಯಾವುದು ತಗೊಳ್ಳಲಿ?

ಬೋಗಾದಿ ಬ್ರೇಕ್‌ವ್ಯಾನ್ (ಮೈಸೂರು):

ತಲೆ ಕೆಡಿಸ್ಕೋಬೇಡಿ ಸಾರ್. ಹಾರ್ನ್‌ಬಿಯವರ ಎಚ್‌ಎಂ7000 ಬ್ಲೂಟೂತ್ ಡಿಕೋಡರ್ ನೋಡಿ. 8 ಪಿನ್ ಸಾಕೆಟ್‌ಗೆ ಕೂರುವಂಥದ್ದೂ ಸಿಗುತ್ತೆ, ಸೌಂಡ್ ಸಮೇತ. ಹಳಿಗೆ 15 ವೋಲ್ಟ್ ಡಿಸಿ ಸುಮ್ನೆ ಕೊಟ್ಟು ಬಿಟ್ಟರೆ ಆಯ್ತು, ಫೋನ್ ಸೀದಾ ಇಂಜಿನ್ ಜೊತೆಗೇ ಮಾತಾಡುತ್ತೆ. ಮಧ್ಯದಲ್ಲಿ ಬೇರೆ ಪೆಟ್ಟಿಗೆ ಬೇಡ. ನಾನು ಹಾಗೇ ಓಡಿಸ್ತಿರೋದು, ಆರಾಮಾಗಿದೆ.

ಕಪಿಲಾ ತೀರ (ಮೈಸೂರು):

ಬೋಗಾದಿಯವರು ಹೇಳಿದ್ದು ಸರಿ ಇದೆ. ಸುತ್ತು ಹಾಕಿ ಓಡುವ ಗಾಡಿಗೆ ಅದು ಸಾಕು. ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡಿದ್ದು ಶಂಟಿಂಗ್, ಅಂದ್ರೆ ವ್ಯಾಗನ್ ಬಿಡೋದು, ಜೋಡಿಸೋದು. ಶಂಟಿಂಗ್ ಮಾಡುವವರಿಗೆ ರಿಮೋಟ್ ಆರಿಸುವ ರೀತಿಯೇ ಬೇರೆ. ಸ್ವಲ್ಪ ಉದ್ದ ಬರೀತೀನಿ, ಕಾಫಿ ಇಟ್ಕೊಂಡು ಓದಿ.

ಯಾವ ಅಂಗಡಿಯವರೂ ಹೇಳದ ಒಂದು ಮಾತು ಮೊದಲು. ವೈರ್‌ಲೆಸ್ ಅಂತ ಬರೆದಿದ್ದರೆ, ಆ ವೈರ್ ಇಲ್ಲದ ದಾರಿ ಎಲ್ಲಿಂದ ಎಲ್ಲಿವರೆಗೆ ಅಂತ ಕೇಳಿ. ಹೆಚ್ಚಿನ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್, ಪ್ರತಿ ಇಂಜಿನ್‌ಗೂ ಬೇರೆ ಬೇರೆ ಅಪ್ಪಣೆ ಕೊಡುವ ಪದ್ಧತಿ) ಸೆಟ್‌ಗಳಲ್ಲಿ ಅದು ನಿಮ್ಮ ಕೈಯಿಂದ ಟೇಬಲ್ ಕೆಳಗಿನ ಪೆಟ್ಟಿಗೆವರೆಗೆ ಮಾತ್ರ. ಪೆಟ್ಟಿಗೆಯಿಂದ ಇಂಜಿನ್‌ಗೆ ಹೋಗುವ ಅಪ್ಪಣೆ ಹಳಿಯ ಮೇಲೇ ಹೋಗಬೇಕು. ಡಿಸಿಸಿಯಲ್ಲಿ ಇಂಜಿನ್ ನಿಂತಿದ್ದರೂ ಹಳಿಯಲ್ಲಿ ಸುಮಾರು 15 ವೋಲ್ಟ್ ಇದ್ದೇ ಇರುತ್ತೆ. ಅದರ ಪ್ಲಸ್ ಮೈನಸ್ ಸೆಕೆಂಡಿಗೆ ಸಾವಿರಾರು ಸಲ ಅದಲು ಬದಲು ಆಗ್ತಿರುತ್ತೆ. ಅರ್ಧ ಪಲ್ಸ್ 58 ಮೈಕ್ರೊಸೆಕೆಂಡ್ ಇದ್ದರೆ ಅದು 1, 100 ಅಥವಾ ಅದಕ್ಕೂ ಉದ್ದ ಇದ್ದರೆ 0. ಇಂಜಿನ್ ಒಳಗಿನ ಡಿಕೋಡರ್ ಇದನ್ನು ಓದಿ, "ಇದು ನನ್ನ ನಂಬರ್, ನನಗೇ ಹೇಳಿದ್ದು" ಅಂತ ತಿಳ್ಕೊಂಡು ಮೋಟಾರ್ ತಿರುಗಿಸುತ್ತೆ. ಹಳಿಯ ಮೇಲೆ ಕೊಳೆ ಇದ್ದರೆ ಕರೆಂಟೂ ಹೋಯ್ತು, ಮಾತೂ ಹೋಯ್ತು. ಜನ ರಿಮೋಟ್ ಬೈತಾರೆ.

ಬ್ಲೂಟೂತ್ ಡಿಕೋಡರ್‌ನಲ್ಲಿ ಮಾತು ಗಾಳಿಯಲ್ಲಿ ಬರುತ್ತೆ, ಆದರೆ ಕರೆಂಟ್ ಹಳಿಯಿಂದಲೇ ಬರಬೇಕು. ಹಾಗಾಗಿ ಕೊಳೆಯ ಕಾಟ ಅಲ್ಲೂ ತಪ್ಪಲ್ಲ. ಪೂರ್ತಿ ತಪ್ಪಿಸಬೇಕು ಅಂದ್ರೆ ಬ್ಯಾಟರಿಯನ್ನೇ ಇಂಜಿನ್ ಒಳಗೆ ಇಡಬೇಕು. ಅಂಥದ್ದೂ ನನ್ನ ಹತ್ತಿರ ಒಂದಿದೆ. ನಮ್ಮೂರ ರೈಲ್ವೆ ಮ್ಯೂಸಿಯಂನಲ್ಲಿ ಒಂದು ಆಸ್ಟಿನ್ ಕಾರ್ ಇದೆಯಲ್ಲ, ಮೊದಲು ರೋಡ್ ಮೇಲೆ ಓಡಿ ಆಮೇಲೆ ಹಳಿ ಹತ್ತಿದ್ದು, ಅದರ ಮಾದರಿ ಮಾಡಿ ತಾರಸಿ ಮೇಲೆ 45 ಮಿಲಿಮೀಟರ್ ಹಳಿಯಲ್ಲಿ ಓಡಿಸ್ತೀನಿ. ನಾಲ್ಕೇ ಚಕ್ರ, ಮೇಲೆ ಮಳೆ, ಪಾರಿವಾಳ ಬೇರೆ. ಹಳಿಯಿಂದ ಕರೆಂಟ್ ತಗೊಳ್ಳೋದು ಆಗದ ಮಾತು. ಎರಡು 18650 ಸೆಲ್, ಒಂದು ರಿಸೀವರ್, ಕೈಯಲ್ಲಿ 2.4 ಗಿಗಾಹರ್ಟ್ಸ್ ರಿಮೋಟ್. ಹಳಿ ಬರೀ ದಾರಿ ತೋರಿಸೋಕೆ. ಆದರೆ ನಿಮ್ಮ ಎಚ್‌ಒ ಇಂಜಿನ್‌ಗಳಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಅದನ್ನು ಬಿಡೋಣ.

ಈಗ ಶಂಟಿಂಗ್ ವಿಷಯ. ಕಪ್ಲಿಂಗ್ ಸೇರುವ ಹೊತ್ತಿನಲ್ಲಿ ನಿಮ್ಮ ಕಣ್ಣು ಎಲ್ಲಿರಬೇಕು? ಆ ಎರಡು ಕೊಕ್ಕೆಗಳ ಮೇಲೆ. ಫೋನ್ ಹಿಡಿದರೆ ಕಣ್ಣು ಸ್ಕ್ರೀನ್ ಮೇಲೆ ಇರುತ್ತೆ. ಗಾಜಿನ ಮೇಲೆ ಬೆರಳು ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಲ್ಲ. ಸ್ಲೈಡರ್ ಹಿಡಿಯೋಕೆ ಕೆಳಗೆ ನೋಡ್ತೀರಿ, ಮೇಲೆ ನೋಡುವಷ್ಟರಲ್ಲಿ ಗುದ್ದಿರುತ್ತೆ. ಆಗ ನಿಮ್ಮ ಮಗನಿಗೆ ಮತ್ತೆ ಕೂಗುವ ಕೆಲಸ. ತಿರುಗಿಸುವ ನಾಬ್ ಇರುವ ರಿಮೋಟ್ ಬೇಕು. ರೇಡಿಯೋ ಯಾವ ಜಾತಿ ಅನ್ನೋದು ಆಮೇಲಿನ ಮಾತು.

ನಾಬ್‌ನಲ್ಲೂ ಎರಡು ಥರ. ಒಂದು ಹಳೇ ರೇಡಿಯೋ ವಾಲ್ಯೂಮ್ ಥರ, ಎರಡು ಕಡೆ ತಡೆ ಇರುವ ಪೊಟೆನ್ಶಿಯೋಮೀಟರ್. ಇನ್ನೊಂದು ಎಷ್ಟು ತಿರುಗಿಸಿದರೂ ತಿರುಗುವ ಎನ್‌ಕೋಡರ್. ಒಂದೇ ಇಂಜಿನ್ ಓಡಿಸುವವರಿಗೆ ಮೊದಲನೆಯದು ಚೆನ್ನ, ಎಷ್ಟು ಸ್ಪೀಡ್ ಇದೆ ಅಂತ ಕೈಗೇ ಗೊತ್ತಾಗುತ್ತೆ. ಮೂರು ಇಂಜಿನ್ ಬದಲಾಯಿಸ್ತಾ ಇದ್ದರೆ ತಕರಾರು. ಒಂದು ಇಂಜಿನ್ ಮೇನ್ ಲೈನ್‌ನಲ್ಲಿ ಓಡ್ತಿದೆ, ನೀವು ಇನ್ನೊಂದನ್ನು ಶಂಟ್ ಮಾಡಿ ನಾಬ್ ಸೊನ್ನೆಗೆ ತಂದಿದ್ದೀರಿ, ಈಗ ಮತ್ತೆ ಮೊದಲನೆಯದನ್ನು ಕೈಗೆ ತಗೊಂಡರೆ ನಾಬ್ ಒಂದು ಹೇಳುತ್ತೆ, ಇಂಜಿನ್ ಒಂದು ಮಾಡ್ತಿರುತ್ತೆ. ಎನ್‌ಕೋಡರ್‌ನಲ್ಲಿ ಈ ಜಗಳ ಇಲ್ಲ, ಇಂಜಿನ್ ಎಲ್ಲಿತ್ತೋ ಅಲ್ಲಿಂದ ಒಂದೊಂದೇ ಟಿಕ್. ತುಂಬಾ ಒಳ್ಳೆಯದು ಇದು.

ನಿಮ್ಮ ಬಜೆಟ್‌ಗೆ ನಾನು ಹೇಳೋದು ಡಿಸಿಸಿ‑ಇಎಕ್ಸ್. ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್, ಕಾಸು ಇಲ್ಲ. ಒಂದು ಆರ್ಡುಯಿನೊ ಮೆಗಾ 2560 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಮೇಲೆ ಹಳಿಗೆ ಕರೆಂಟ್ ಕೊಡುವ ಮೋಟಾರ್ ಶೀಲ್ಡ್, ಪಕ್ಕದಲ್ಲಿ ಒಂದು ಸಣ್ಣ ಇಎಸ್‌ಪಿ8266 ವೈಫೈ ಬೋರ್ಡ್. ಮೆಗಾಗಿಂತ ಚಿಕ್ಕ ಯೂನೊ ಬೋರ್ಡ್ ತಗೋಬೇಡಿ, ಅದರಲ್ಲಿ ಜಾಗ ಸಾಲಲ್ಲ. ಪ್ರೋಗ್ರಾಮಿಂಗ್ ಬರಲ್ಲ ಅಂದ್ರಲ್ಲ, ಬೇಕಾಗಿಲ್ಲ. ಇಎಕ್ಸ್ ಇನ್‌ಸ್ಟಾಲರ್ ಅಂತ ಒಂದು ಪ್ರೋಗ್ರಾಂ ಇದೆ, ಲ್ಯಾಪ್‌ಟಾಪಿಗೆ ಹಾಕಿ ಅದು ಕೇಳಿದ್ದಕ್ಕೆ ಉತ್ತರ ಕೊಡ್ತಾ ಹೋದರೆ ಅದೇ ತುಂಬಿಸಿಕೊಡುತ್ತೆ. ಇಷ್ಟೂ ರಗಳೆ ಬೇಡ ಅಂದ್ರೆ ಅದೇ ತಂಡದ ಇಎಕ್ಸ್ ಸಿಎಸ್‌ಬಿ1 ಅನ್ನುವ ರೆಡಿ ಬೋರ್ಡ್ ಇದೆ, ವೈಫೈ ಅದರಲ್ಲೇ ಇದೆ.

ಆರ್ಡುಯಿನೊ ಶೀಲ್ಡ್ ಹಾಕುವವರು ಒಂದು ಕೆಲಸ ಮರೀಲೇಬಾರದು. ಶೀಲ್ಡ್ ತಿರುಗಿಸಿ ನೋಡಿದರೆ ಹಿಂಭಾಗದಲ್ಲಿ "ವಿಇನ್ ಕನೆಕ್ಟ್" ಅಂತ ಎರಡು ಪ್ಯಾಡ್ ಮಧ್ಯೆ ಕೂದಲಿನಷ್ಟು ತಾಮ್ರದ ಗೆರೆ ಇರುತ್ತೆ. ಬ್ಲೇಡಿನಿಂದ ಅದನ್ನು ಕತ್ತರಿಸಿ, ಮಲ್ಟಿಮೀಟರ್ ಇಟ್ಟು ಬೀಪ್ ಬರ್ತಿಲ್ಲ ಅಂತ ಖಚಿತ ಮಾಡ್ಕೊಳ್ಳಿ. ಕತ್ತರಿಸದಿದ್ದರೆ ಹಳಿಗೆ ಅಂತ ಕೊಟ್ಟ ವೋಲ್ಟೇಜ್ ಮೆಗಾದ ಹೊಟ್ಟೆಗೂ ಹೋಗುತ್ತೆ. ಹಳಿಗೆ 15 ವೋಲ್ಟ್ ಅಡಾಪ್ಟರ್ ಬೇರೆ, ಮೆಗಾಗೆ ಅದರದೇ ಬೇರೆ. ಮನೇಲಿ ಬಿದ್ದಿರುವ ಲ್ಯಾಪ್‌ಟಾಪ್ ಚಾರ್ಜರ್ 19 ವೋಲ್ಟ್ ಇರುತ್ತೆ, ಎಚ್‌ಒಗೆ ಅದು ಜಾಸ್ತಿ. ಆ ಶೀಲ್ಡ್ ಒಂದು ಚಾನೆಲ್‌ಗೆ 2 ಆಂಪಿಯರ್ ಕೊಡುತ್ತೆ, ನಿಮ್ಮ ಮೂರು ಇಂಜಿನ್‌ಗೆ ಧಾರಾಳ.

ಹಳೇ ಡಿಸಿ ಕಂಟ್ರೋಲರ್‌ನ ಎರಡೂ ವೈರ್ ಹಳಿಯಿಂದ ಪೂರ್ತಿ ಬಿಚ್ಚಿ ತೆಗೆದಿಡಿ. ಎರಡೂ ಒಟ್ಟಿಗೆ ಹಳಿಗೆ ಸೇರಿದರೆ ಏನಾದರೂ ಒಂದು ಸುಟ್ಟು ಹೋಗೋದು ಗ್ಯಾರಂಟಿ. ಹಾಗೇ ಡಿಕೋಡರ್ ಇಲ್ಲದ ಇಂಜಿನ್ ಡಿಸಿಸಿ ಹಳಿ ಮೇಲೆ ಇಡಬೇಡಿ. ನಿಂತಲ್ಲೇ ಝುಂಯ್ ಅಂತ ಹಾಡ್ತಾ ಬಿಸಿ ಆಗುತ್ತೆ.

ಕಬ್ಬಿನಗಾಡಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸಾರ್! ಡಿಸಿಸಿ‑ಇಎಕ್ಸ್ ಅಂತಲೇ ಇಟ್ಕೊಳ್ಳೋಣ. ನಾಬ್ ಇರುವ ರಿಮೋಟ್ ಎಲ್ಲಿ ಸಿಗುತ್ತೆ? ಅದು ಬರುವವರೆಗೆ ಫೋನ್‌ನಲ್ಲಿ ಓಡಿಸಬಹುದಾ? ಭಾವನ ಕೈಲಿ ಏನಾದರೂ ತರಿಸಲಾ?

ಹೆಬ್ಬಾಳ ಹೋಮ್ ಸಿಗ್ನಲ್ (ಮೈಸೂರು):

ಭಾವನ ವಿಷಯಕ್ಕೆ ನಾನು ಉತ್ತರ ಕೊಡ್ತೀನಿ. ಅಮೆರಿಕದ ಕೆಲವು ಡಿಸಿಸಿ ಹ್ಯಾಂಡ್‌ಸೆಟ್‌ಗಳು 900 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡ್ತವೆ. ಅಲ್ಲಿ 902ರಿಂದ 928 ಯಾರು ಬೇಕಾದರೂ ಬಳಸಬಹುದು. ನಮ್ಮಲ್ಲಿ ಆ ಜಾಗ ಲೈಸೆನ್ಸ್ ಇಲ್ಲದೆ ಬಳಸುವ ಹಾಗಿಲ್ಲ. 890ರಿಂದ 915 ನಮ್ಮ ಮೊಬೈಲ್ ಫೋನ್‌ಗಳು ಟವರ್‌ಗೆ ಮಾತಾಡುವ ಜಾಗ. ಯಾಕೆ ಬೇಕು ಆ ತಲೆನೋವು? ತರಿಸೋದಾದರೆ 2.4 ಗಿಗಾಹರ್ಟ್ಸ್‌ದೇ ತರಿಸಿ, ಅಂದ್ರೆ ವೈಫೈ, ಬ್ಲೂಟೂತ್ ಇರುವ ಜಾಗ. ಅದು ಇಲ್ಲೂ ಲೈಸೆನ್ಸ್ ಬೇಡದ್ದು. ಪೆಟ್ಟಿಗೆ ಮೇಲೆ ಫ್ರೀಕ್ವೆನ್ಸಿ ಬರೆದಿರುತ್ತೆ, ಭಾವನಿಗೆ ಒಂದು ಫೋಟೋ ಕಳಿಸೋಕೆ ಹೇಳಿ, ನೋಡಿ ಆಮೇಲೆ ಹೂಂ ಅನ್ನಿ.

ನನ್ನ ಕೇಳಿದರೆ ಭಾವನ ಕೈಲಿ ಎರಡು ಒಳ್ಳೆ 8 ಪಿನ್ ಡಿಕೋಡರ್ ತರಿಸಿ. ಜೇಬಿನಲ್ಲಿ ಹಿಡಿಸುತ್ತೆ.

ಕಪಿಲಾ ತೀರ:

ಸಾರ್ ಅಲ್ಲ ಕಣ್ರೀ, ಮೇಡಂ! ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ಲ್ಯಾಬ್ ಮಾಡಿಸಿ ರಿಟೈರ್ ಆದವಳು. ಅದಕ್ಕೇ ಈ ಉಪದೇಶದ ಚಾಳಿ.

ಹೆಬ್ಬಾಳದವರ ಮಾತಿಗೆ ನನ್ನದೊಂದು ಓಟು. ಡಿಕೋಡರ್ ತರಿಸಿ.

ಫೋನ್‌ನಲ್ಲಿ ಧಾರಾಳವಾಗಿ ಶುರು ಮಾಡಿ. ಆಂಡ್ರಾಯ್ಡ್‌ಗೆ ಎಂಜಿನ್ ಡ್ರೈವರ್ ಅಂತ ಆಪ್ ಇದೆ, ಐಫೋನ್‌ಗೆ ವಿಥ್ರಾಟಲ್. ಸಿಮ್ ಇಲ್ಲದ ಹಳೇ ಫೋನ್ ಒಂದನ್ನು ಇದಕ್ಕೇ ಅಂತ ಎತ್ತಿಡಿ. ಗಾಡಿ ಓಡುವಾಗ ಅತ್ತೆ ಮನೆಯಿಂದ ಫೋನ್ ಬಂದರೆ ಆಪ್ ಹಿಂದಕ್ಕೆ ಸರಿಯುತ್ತೆ, ಗಾಡಿ ಮುಂದಕ್ಕೆ ಹೋಗ್ತಾ ಇರುತ್ತೆ. ಡಿಸಿಸಿ ಪೆಟ್ಟಿಗೆಯ ಸ್ವಭಾವ ಹಾಗೆ, ಕೊನೆಗೆ ಏನು ಹೇಳಿದ್ದಿರೋ ಅದನ್ನೇ ಹಳಿಗೆ ಹೇಳ್ತಾ ಇರುತ್ತೆ. ವಿಥ್ರಾಟಲ್ ಪ್ರೋಟೋಕಾಲ್‌ನಲ್ಲಿ ಇದಕ್ಕೊಂದು ಉಪಾಯ ಇದೆ. ರಿಮೋಟ್ ಆಗಾಗ "ಇದ್ದೀನಿ, ಇದ್ದೀನಿ" ಅಂತ ಹೇಳ್ತಿರಬೇಕು, ಸದ್ದು ನಿಂತರೆ ಇಂಜಿನ್ ನಿಲ್ಲಿಸುವ ವ್ಯವಸ್ಥೆ. ನಂಬಿ ಕೂರಬೇಡಿ, ಮೊದಲ ದಿನವೇ ಪರೀಕ್ಷೆ ಮಾಡಿ. ಒಂದು ಇಂಜಿನ್ ನಿಧಾನ ಬಿಟ್ಟು, ಫೋನಿನ ವೈಫೈ ಆಫ್ ಮಾಡಿ, ಸುಮ್ನೆ ನಿಂತು ನೋಡಿ. ಎಷ್ಟು ದೂರ ಹೋಗಿ ನಿಂತಿತು? ನಿಲ್ಲಲೇ ಇಲ್ವಾ? ಅಂಗಡಿಯಲ್ಲಿ ಯಾವ ರಿಮೋಟ್ ನೋಡಿದರೂ ಇದೇ ಪರೀಕ್ಷೆ ಮಾಡಿಸಿ, ಬ್ಯಾಟರಿ ತೆಗೆಸಿ. ಮಾಡಿಸಲ್ಲ ಅಂದ್ರೆ ಎದ್ದು ಬನ್ನಿ.

ಪೆಟ್ಟಿಗೆಗೆ ಕರೆಂಟ್ ಕೊಟ್ಟ ಮೇಲೆ ಫೋನಿನ ವೈಫೈ ಪಟ್ಟಿಯಲ್ಲಿ ಡಿಸಿಸಿಇಎಕ್ಸ್ ಅಂತ ಶುರುವಾಗುವ ಹೆಸರು ಕಾಣುತ್ತೆ. ಆಪ್‌ನಲ್ಲಿ ವಿಳಾಸ 192.168.4.1, ಪೋರ್ಟ್ 2560. ಇಲ್ಲಿ ಎಲ್ಲರೂ ಎಡವುತ್ತಾರೆ. "ಈ ವೈಫೈನಲ್ಲಿ ಇಂಟರ್‌ನೆಟ್ ಇಲ್ಲ" ಅಂತ ಫೋನ್ ಗೊಣಗಿ, ನಿಮ್ಮನ್ನು ಕೇಳದೆಯೇ ಮೊಬೈಲ್ ಡೇಟಾಗೆ ಹಾರುತ್ತೆ. ಡೇಟಾ ಆಫ್ ಇರಲಿ. ಮನೆ ರೌಟರ್‌ಗೆ ಸೇರಿಸಬೇಕು ಅಂದ್ರೂ ಆಗುತ್ತೆ, ಆದರೆ ಇಎಸ್‌ಪಿ8266ಗೆ 2.4 ಮಾತ್ರ ಗೊತ್ತು, 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ. ಕರೆಂಟ್ ಹೋಗಿ ಬಂದಾಗ ರೌಟರ್ ಎದ್ದೇಳೋವರೆಗೆ ಕಾಯ್ತಾ ಕೂರುವುದು ಬೇರೆ. ಪೆಟ್ಟಿಗೆಯ ಸ್ವಂತ ವೈಫೈಯೇ ವಾಸಿ.

ಎಂಜಿನ್ ಡ್ರೈವರ್‌ನಲ್ಲಿ ನನಗೆ ಇಷ್ಟ ಆದದ್ದು ಒಂದೇ. ಫೋನಿನ ವಾಲ್ಯೂಮ್ ಬಟನ್‌ನಿಂದ ಸ್ಪೀಡ್ ಏರಿಸಿ ಇಳಿಸಬಹುದು. ಬೆರಳಿಗೆ ಸಿಗುವ ಬಟನ್, ಕಣ್ಣು ಕಪ್ಲಿಂಗ್ ಮೇಲೆ. ನಾಬ್ ಬರುವವರೆಗೆ ಇದರಲ್ಲಿ ಶಂಟಿಂಗ್ ಕಲೀರಿ.

ನಾಬ್ ರಿಮೋಟ್ ರೆಡಿ ಬೇಕಾದರೆ ರೋಕೊದ ಡಬ್ಲ್ಯೂಲಾನ್‌ಮೌಸ್ ಇದೆ. ನಾಬ್ ಮಧ್ಯದಲ್ಲಿ ಸೊನ್ನೆ, ಬಲಕ್ಕೆ ತಿರುಗಿಸಿದರೆ ಮುಂದೆ, ಎಡಕ್ಕೆ ಹಿಂದೆ. ಶಂಟಿಂಗ್‌ಗೆ ಹೇಳಿ ಮಾಡಿಸಿದ್ದು. ಆದರೆ ಅದು ಅವರ ಜೆಡ್21 ಪೆಟ್ಟಿಗೆಗೆ ಅಂತ ಮಾಡಿದ್ದು, ಎರಡೂ ಸೇರಿದರೆ ನಿಮ್ಮ 15 ಸಾವಿರದಲ್ಲಿ ಆಗಲ್ಲ. ಸೋಲ್ಡರಿಂಗ್ ಬರುತ್ತೆ ಅಂದ್ರಲ್ಲ, ವಿಟ್‌ಕಂಟ್ರೋಲರ್ ಅಂತ ಹುಡುಕಿ. ಒಂದು ಲೋಲಿನ್32 ಲೈಟ್ ಬೋರ್ಡ್, ಸಣ್ಣ ಓಲೆಡ್ ಪರದೆ, 3x4 ಕೀಪ್ಯಾಡ್, ಒಂದು ಎನ್‌ಕೋಡರ್, ಒಂದು ಲಿಪೋ ಬ್ಯಾಟರಿ, ಅಷ್ಟೇ. ಡಿಸಿಸಿ‑ಇಎಕ್ಸ್ ಜೊತೆ ವೈಫೈನಲ್ಲಿ ಮಾತಾಡುತ್ತೆ. ನನ್ನದನ್ನು ಸೋಪ್ ಡಬ್ಬಿಯಲ್ಲಿ ಕೂರಿಸಿದ್ದೇನೆ. ಎನ್‌ಕೋಡರ್‌ನ ನಾಬ್ ಒತ್ತಿದರೆ ಇಂಜಿನ್ ನಿಲ್ಲುವ ಹಾಗೆ ಇಟ್ಟುಕೊಂಡಿದ್ದೇನೆ. ನಂಜನಗೂಡು ಸೇತುವೆ ಮಾದರಿಯ ಮೇಲೆ 12 ಮಿಲಿಮೀಟರ್ ಹಳಿಯಲ್ಲಿ ಮೀಟರ್ ಗೇಜ್ ಗಾಡಿ ದಾಟಿಸುವಾಗ ಹೆಬ್ಬೆರಳು ಆ ನಾಬ್ ಮೇಲಿಂದ ಏಳೋದೇ ಇಲ್ಲ.

ಇನ್ನು ಹಳಿ. ನೀವು ಮಂಡ್ಯದವರು, ಆಲೆಮನೆ ಹೊಗೆ ಏನು ಅಂತ ನಾನು ಹೇಳಬೇಕಾಗಿಲ್ಲ. ಬಿಳಿ ಬಟ್ಟೆ ತುಂಡು ಹಳಿ ಮೇಲೆ ಒಂದು ಸಲ ಎಳೆದು ನೋಡಿ, ಕಪ್ಪು ಗೆರೆ ಎಷ್ಟು ದಪ್ಪ ಬಂತು ಅಂತ. ಮೆಡಿಕಲ್ ಸ್ಟೋರ್‌ನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತೆ, ಹಳೇ ಬನಿಯನ್ ಬಟ್ಟೆಗೆ ಹಾಕಿ ಒರೆಸಿ. ಉಪ್ಪು ಕಾಗದ ಮುಟ್ಟಿಸಬೇಡಿ, ಅದು ಮಾಡುವ ಗೀರುಗಳಲ್ಲೇ ಮತ್ತೆ ಕೊಳೆ ಕೂರುತ್ತೆ. ಚಕ್ರಗಳನ್ನೂ ಒರೆಸಿ, ಜನ ಅದನ್ನು ಮರೀತಾರೆ.

ಟೇಬಲ್ ಕೆಳಗೆ ಮನೆ ವೈರಿಂಗ್‌ನ 1.5 ಚದರ ಮಿಲಿಮೀಟರ್ ವೈರ್ ಎರಡು ಬಣ್ಣದಲ್ಲಿ ಉದ್ದಕ್ಕೂ ಎಳೀರಿ. ಪ್ರತಿ ಹಳಿ ತುಂಡಿನಿಂದ ಸಣ್ಣ ವೈರ್ ಇಳಿಸಿ ಅದಕ್ಕೆ ಬೆಸುಗೆ ಹಾಕಿ. ಹಳಿ ಜೋಡಿಸುವ ತಗಡಿನ ಜಾಯಿನರ್ ನಂಬಬೇಡಿ. ಆಮೇಲೆ ನಾಣ್ಯದ ಪರೀಕ್ಷೆ. ಒಂದು ರೂಪಾಯಿ ತಗೊಂಡು ಎರಡು ಹಳಿ ಮೇಲೂ ಅಡ್ಡ ಇಡಿ. ಪೆಟ್ಟಿಗೆ ಟಪ್ ಅಂತ ಟ್ರಿಪ್ ಆಗಬೇಕು. ಲೇಔಟ್ ಪೂರ್ತಿ, ಅಡಿಗೊಂದು ಕಡೆ ಇಟ್ಟು ನೋಡಿ. ಎಲ್ಲಿ ಟ್ರಿಪ್ ಆಗಲಿಲ್ಲವೋ ಅಲ್ಲಿಗೆ ಇನ್ನೊಂದು ಜೋಡಿ ವೈರ್ ಬೇಕು. ನಿಮ್ಮ ಫ್ಯಾಕ್ಟರಿ ಸೈಡಿಂಗ್ ತುದಿಯಲ್ಲೇ ಇದು ಆಗುತ್ತೆ ಅಂತ ನನ್ನ ಅನುಮಾನ, ಹೇಳಿ ಆಮೇಲೆ.

ಕಬ್ಬಿನಗಾಡಿ:

ಕ್ಷಮಿಸಿ ಮೇಡಂ! ಮೆಗಾ, ಶೀಲ್ಡ್, ಇಎಸ್‌ಪಿ ಬಂತು. ಗೆರೆ ಕತ್ತರಿಸಿದೆ. ಭಾವ ಎರಡು ಡಿಕೋಡರ್ ತಂದುಕೊಟ್ಟರು, ಎರಡೂ ಓಡ್ತಿವೆ, ಆದರೆ ಎರಡೂ ಒಟ್ಟಿಗೇ ಓಡ್ತಿವೆ! ಒಂದಕ್ಕೆ ಹೇಳಿದರೆ ಇನ್ನೊಂದೂ ಹೊರಡುತ್ತೆ. ಮಗ ನಕ್ಕಿದ್ದೇ ನಕ್ಕಿದ್ದು. ನಾಣ್ಯದ ಪರೀಕ್ಷೆಯಲ್ಲಿ ನೀವು ಹೇಳಿದ ಜಾಗದಲ್ಲೇ ಟ್ರಿಪ್ ಆಗಲಿಲ್ಲ, ಸೈಡಿಂಗ್‌ನ ಕೊನೇ ಎರಡಡಿ. ಮೂರನೇ ಇಂಜಿನ್‌ಗೆ ಡಿಕೋಡರ್ ಹೇಗೆ ಹಾಕೋದು?

ಬೋಗಾದಿ ಬ್ರೇಕ್‌ವ್ಯಾನ್:

ಹೊಸ ಡಿಕೋಡರ್ ಎಲ್ಲದರ ವಿಳಾಸವೂ 3 ಸಾರ್. ಒಂದನ್ನು ಎತ್ತಿಟ್ಟು ಇನ್ನೊಂದರ ವಿಳಾಸ ಬದಲಾಯಿಸಿ. ಬಾಡಿ ಮೇಲೆ ಬರೆದ ನಂಬರ್‌ನ ಕೊನೇ ನಾಲ್ಕು ಅಂಕಿ ಕೊಟ್ಟರೆ ಮರೆಯಲ್ಲ.

ಕಪಿಲಾ ತೀರ:

ವಿಳಾಸ ಬದಲಾಯಿಸುವಾಗ ಇಂಜಿನ್ ಒಂದನ್ನೇ ಪ್ರೋಗ್ರಾಮಿಂಗ್ ಹಳಿ ಮೇಲೆ ಇಡಿ. ಶೀಲ್ಡ್‌ನ ಎರಡನೇ ಚಾನೆಲ್ ಅದಕ್ಕೇ ಇರೋದು, ಒಂದಡಿ ಹಳಿ ತುಂಡು ಸಾಕು. ಅಲ್ಲೇ ಇದ್ದಾಗ ಡಿಕೋಡರ್ ಒಳಗಿನ ಸೆಟ್ಟಿಂಗ್‌ಗಳಾದ ಸಿವಿ 3 ಮತ್ತು ಸಿವಿ 4 ಸ್ವಲ್ಪ ಏರಿಸಿ. 3 ಹೊರಡುವಾಗಿನ ನಿಧಾನ, 4 ನಿಲ್ಲುವಾಗಿನ ನಿಧಾನ. ಶಂಟಿಂಗ್ ಇಂಜಿನ್‌ಗೆ 4 ತುಂಬಾ ಏರಿಸಬೇಡಿ, ನಿಲ್ಸು ಅಂದಾಗ ನಿಲ್ಲಬೇಕು. ಸ್ಪೀಡ್ ಸ್ಟೆಪ್ (ವೇಗದ ಮೆಟ್ಟಿಲು) 128 ಇರಲಿ.

ಮೂರನೆಯದಕ್ಕೆ ಅವಸರ ಬೇಡ. ಬಾಡಿ ತೆಗೆದು, ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಮೋಟಾರ್‌ಗೆ ಬರುವ ಎಲ್ಲಾ ವೈರ್ ಬಿಚ್ಚಿ. ಈಗ ಒಂದು ಕಡ್ಡಿ ಮೋಟಾರ್ ಬ್ರಷ್‌ಗೆ, ಇನ್ನೊಂದು ಚಕ್ರಕ್ಕೆ ಮುಟ್ಟಿಸಿ. ಎರಡೂ ಬ್ರಷ್, ಎರಡೂ ಕಡೆಯ ಚಕ್ರ, ಚಾಸಿಯ ಲೋಹ, ಎಲ್ಲಾ ನೋಡಿ. ಎಲ್ಲೂ ಬೀಪ್ ಬರಬಾರದು. ಬಂದರೆ ಆ ಬ್ರಷ್ ಚಾಸಿಗೆ ಮುಟ್ಟಿಕೊಂಡಿದೆ ಅಂತ ಅರ್ಥ, ಹಳೇ ಇಂಜಿನ್‌ಗಳಲ್ಲಿ ಕಂಪನಿಯವರೇ ಹಾಗೆ ಮಾಡ್ತಿದ್ರು, ಒಂದು ವೈರ್ ಉಳಿಯಲಿ ಅಂತ. ಹಾಗೇ ಡಿಕೋಡರ್ ಹಾಕಿದರೆ ಹೊಗೆ ಬರುತ್ತೆ. ಬೀಪ್ ಬಂದ ಕಡೆ ಕ್ಲಿಪ್ ಬಗ್ಗಿಸಿ ಕೆಳಗೆ ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯದ, ಬಿಸಿ ತಡೆಯುವ ಟೇಪ್) ಇಟ್ಟು ಬೇರೆ ಮಾಡಿ. ಆಮೇಲೆ ವೈರ್ ಲೆಕ್ಕ ಸುಲಭ. ಕೆಂಪು ಮತ್ತು ಕಪ್ಪು ಹಳಿಗೆ, ಕಿತ್ತಳೆ ಮತ್ತು ಬೂದು ಮೋಟಾರ್‌ಗೆ. ಉಲ್ಟಾ ದಿಕ್ಕಿಗೆ ಓಡಿದರೆ ಕಿತ್ತಳೆ, ಬೂದು ಅದಲು ಬದಲು ಮಾಡಿ, ಅಷ್ಟೇ.

ಬಾಡಿ ತೆಗೆದ ಫೋಟೋ ಇಲ್ಲಿ ಹಾಕಿ, ಬ್ರಷ್ ಕಾಣುವ ಹಾಗೆ ಹತ್ತಿರದಿಂದ. ನೋಡಿ ಹೇಳ್ತೀನಿ.